ಸಹಾಯ ಬೇಕು: ಮನೆಯಲ್ಲೇ ಸೈಕಲ್‌ಗೆ ಫೋರ್ಕ್, ಹೆಡ್‌ಸೆಟ್ (ಫೋರ್ಕ್ ತಿರುಗಲು ಬೇಕಾದ ಬೇರಿಂಗ್, ಕಪ್‌ಗಳ ಸೆಟ್) ಹಾಕಬೇಕು

ನಮಸ್ಕಾರ. ನನ್ನ ಎಂಟಿಬಿಗೆ (ಮೌಂಟನ್ ಬೈಕ್) ಹೊಸ ಟೇಪರ್ಡ್ ಫೋರ್ಕ್ ತಂದಿದ್ದೇನೆ, ಅಂದರೆ ಮುಂದಿನ ಚಕ್ರ ಹಿಡಿಯುವ ಕವೆ, ಅದರ ಕೊಳವೆ ಕೆಳಗೆ ದಪ್ಪ. ಫ್ರೇಮಿನ ಹೆಡ್ ಟ್ಯೂಬ್ (ಫೋರ್ಕಿನ ಕೊಳವೆ ತೂರುವ ಮುಂಭಾಗ) ನೇರವಾದದ್ದು, ಒಳ ಅಳತೆ 44 ಮಿ.ಮೀ. ಹಾಗಾಗಿ ಮೇಲಕ್ಕೆ ಒಳಗೇ ಕೂರುವ ಝಡ್‌ಎಸ್44, ಕೆಳಕ್ಕೆ ಹೊರಗೆ ಚಾಚುವ ಇಸಿ44/40 ಕಪ್ ತರಿಸಿದ್ದೇನೆ. ಜೋಡಿ ಸರಿ ಇದೆ ಅಲ್ವಾ?

ನನ್ನ ಹತ್ತಿರ ಕಪ್ ಒತ್ತಿ ಕೂರಿಸುವ ಪ್ರೆಸ್ ಇಲ್ಲ. ಸುತ್ತಿಗೆಯಲ್ಲಿ ಹೊಡೆಯಲು ಮನಸ್ಸಿಲ್ಲ, ಕಪ್ ಓರೆಯಾಗಿ ಹೋದರೆ ಫ್ರೇಮೇ ಹಾಳು. ಉದ್ದದ ಥ್ರೆಡ್ ರಾಡ್, ದಪ್ಪ ವಾಷರ್, ನಟ್ ಹಾಕಿ ಒಂದೊಂದೇ ಕಪ್ ನಿಧಾನವಾಗಿ ಒಳಗೆಳೆಯೋಣ ಅಂದುಕೊಂಡಿದ್ದೇನೆ. ಹೀಗೆ ಮಾಡಿದವರು ಇದ್ದೀರಾ? ಒತ್ತಡ ಬೇರಿಂಗ್ ಮೇಲೆ ಬೀಳದೆ ಕಪ್ಪಿನ ಅಂಚಿಗೇ ಬೀಳಬೇಕಾದರೆ ವಾಷರ್ ಎಷ್ಟು ಅಗಲ ಇರಬೇಕು?

ಸ್ಟೀರರ್ ಟ್ಯೂಬನ್ನು (ಫೋರ್ಕಿನ ಮೇಲಿನ ಕೊಳವೆ) ಈಗಲೇ ಗಿಡ್ಡ ಮಾಡುವುದಿಲ್ಲ. ಹ್ಯಾಂಡಲ್ ಹಿಡಿಯುವ ಸ್ಟೆಮ್ ಮೇಲೆ ಸ್ಪೇಸರ್ ಬಳೆ ಹಾಕಿ, ಓಡಿಸಿ ನೋಡಿ ಆಮೇಲೆ ಕತ್ತರಿಸುತ್ತೇನೆ.

ಮೈಸೂರಿನಲ್ಲಿ ಯಾರ ಬಳಿಯಾದರೂ ಹೆಡ್‌ಸೆಟ್ ಪ್ರೆಸ್ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಸೈಕಲ್ ತರುತ್ತೇನೆ.