ಬಿಗಿಯಾದ ಯುಪಿವಿಸಿ ಕಿಟಕಿ: ಎಣ್ಣೆ ಬಿಡುವ ಮುನ್ನ

ಪ್ರಶ್ನೆ, ಬೆಂಗಳೂರಿನಿಂದ:

ನಮ್ಮದು ಆರು ವರ್ಷ ಹಳೆಯ ಫ್ಲಾಟ್, ಮೂರನೇ ಮಹಡಿ. ಕಿಟಕಿಗಳೆಲ್ಲ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್‌ನವು. ಹಾಲ್‌ನ ಸ್ಲೈಡಿಂಗ್ ಕಿಟಕಿ ಸರಿಸಲು ಈಗ ಎರಡೂ ಕೈ ಬೇಕು; ಅಮ್ಮನ ಕೈಯಲ್ಲಂತೂ ಆಗುವುದೇ ಇಲ್ಲ. ಪಶ್ಚಿಮಕ್ಕಿರುವ ಮಲಗುವ ಕೋಣೆಯ ಕಿಟಕಿ ಹೊರಕ್ಕೆ ತೆರೆಯುವಂಥದ್ದು. ಬೆಳಿಗ್ಗೆ ಸಲೀಸಾಗಿ ಮುಚ್ಚುತ್ತದೆ, ಮಧ್ಯಾಹ್ನ ಮೂರು ದಾಟಿದರೆ ಹಿಡಿಕೆ ತಿರುಗುವುದಿಲ್ಲ. ಅಮ್ಮ ಟ್ರ್ಯಾಕಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ಒಂದು ವಾರ ಚೆನ್ನಾಗಿತ್ತು, ಈಗ ಮೊದಲಿಗಿಂತ ಬಿಗಿ. ಕಿಟಕಿ ಹಾಕಿದವರು ಫೋನ್ ಎತ್ತುತ್ತಿಲ್ಲ. ಬೇರೊಬ್ಬರು ಬಂದು ನೋಡಿ, ಎಲ್ಲವನ್ನೂ ಬದಲಾಯಿಸಬೇಕು ಎಂದರು. ನಾವೇ ಮಾಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಮೈಸೂರಿನಿಂದ:

ಬದಲಾಯಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಎರಡು ಕಿಟಕಿಗಳಿಗೆ ಎರಡು ಬೇರೆ ಕಾಯಿಲೆ. ಒಂದೇ ಔಷಧ ನಡೆಯದು.

ಮೊದಲು ಹಾಲ್‌ನದು. ಎಣ್ಣೆಗೆ ಬೆಂಗಳೂರಿನ ಧೂಳು ಸೇರಿದರೆ ಹೋಳಿಗೆ ಹೂರಣದ ಹದಕ್ಕೆ ಬರುತ್ತದೆ. ಕೆಳಗಿನ ಚಕ್ರ ಉರುಳುವುದನ್ನು ಬಿಟ್ಟು ಅದರಲ್ಲಿ ಹೂತುಕೊಂಡು ತೆವಳುತ್ತದೆ. ನಮ್ಮ ಮನೆಯ ಟ್ರ್ಯಾಕಿನಿಂದ ಹಳೆಯ ಟೂತ್‌ಬ್ರಷ್ಷಿನಲ್ಲಿ ಕೆರೆದು ತೆಗೆದಾಗ ಸಿಕ್ಕಿದ್ದು ಗೋಡೆಗೆ ಬಳಿದ ಪುಟ್ಟಿಯ ಪುಡಿ, ಸಿಮೆಂಟಿನ ಹರಳು, ಉಂಡೆಕಟ್ಟಿದ ಕೂದಲು, ಒಂದು ಸತ್ತ ಕಣಜ. ಬಣ್ಣ ಹೊಡೆಯುವವರು ಕಿಟಕಿಗೆ ಕಾಗದ ಅಂಟಿಸುತ್ತಾರೆ, ಟ್ರ್ಯಾಕನ್ನು ಹಾಗೆಯೇ ಬಿಡುತ್ತಾರೆ. ಒಣ ಕಸವನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಉಳಿದ ಜಿಡ್ಡನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಉಜ್ಜಿ. ಥಿನ್ನರ್, ಪೆಟ್ರೋಲ್ ಬೇಡ. ಪ್ಲಾಸ್ಟಿಕ್‌ನ ಮೇಲ್ಮೈ ಹಾಳಾಗುತ್ತದೆ. ಕೊನೆಗೆ ಟ್ರ್ಯಾಕಿಗೆ ಒಂದು ಲೋಟ ನೀರು ಸುರಿದು ನೋಡಿ. ಹೊರಬದಿಯಲ್ಲಿ ಚೌಕಟ್ಟಿನ ಕೆಳಗೆ ಸಣ್ಣ ಸೀಳುಗಳಿರುತ್ತವೆ, ನೀರು ಅಲ್ಲಿಂದ ಹೊರಬೀಳಬೇಕು. ನಿಂತರೆ ಕಸ ಕಟ್ಟಿದೆ, ಇಲ್ಲವೇ ಯಾರೋ ಸೀಳುಗಳ ಮೇಲೂ ಸಿಲಿಕೋನ್ ಅಂಟು ಬಳಿದಿದ್ದಾರೆ. ನಮ್ಮಲ್ಲಿ ಎರಡನೆಯದೇ ಆಗಿತ್ತು.

ಆಮೇಲೂ ಬಿಗಿ ಎನಿಸಿದರೆ ಚಕ್ರದ ಎತ್ತರ ನೋಡಬೇಕು. ಕಿಟಕಿಯ ಜಾರುವ ಬಾಗಿಲಿನ ಎರಡೂ ಪಕ್ಕಗಳಲ್ಲಿ, ತೀರಾ ಕೆಳಗೆ, ಬೆರಳು ತೂರದಷ್ಟು ಚಿಕ್ಕ ತೂತು ಇರುತ್ತದೆ, ಕೆಲವೊಮ್ಮೆ ಅದಕ್ಕೊಂದು ಪ್ಲಾಸ್ಟಿಕ್ ಮುಚ್ಚಳ. ಒಳಗಿನ ತಿರುಪನ್ನು ಬಲಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಬಾಗಿಲು ಏಳುತ್ತದೆ. ಕೆಲವು ರೋಲರ್‌ಗಳಲ್ಲಿ ಉಲ್ಟಾ. ಅರ್ಧ ಸುತ್ತು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಆಗ ಇನ್ನೊಬ್ಬರು ಬಾಗಿಲನ್ನು ತುಸು ಮೇಲೆತ್ತಿ ಹಿಡಿದಿರಬೇಕು. ಭಾರವೆಲ್ಲ ಚಕ್ರದ ಮೇಲೆ ಕೂತಿರುವಾಗ ತಿರುಗಿಸಹೋಗಿ ನಾನು ಒಂದು ತಿರುಪಿನ ತಲೆಯನ್ನೇ ಸವೆಸಿಬಿಟ್ಟೆ. ಬಾಗಿಲನ್ನು ಚೌಕಟ್ಟಿನ ಹತ್ತಿರಕ್ಕೆ ತಂದು ನಿಲ್ಲಿಸಿದಾಗ ಮೇಲಿಂದ ಕೆಳಗಿನವರೆಗೆ ಸಂದು ಒಂದೇ ಅಗಲ ಕಂಡರೆ ಸರಿಯಾಯಿತು.

ಚಕ್ರವೇ ಒಡೆದಿದ್ದರೆ ಬಾಗಿಲನ್ನು ಕಳಚಬೇಕು. ಇಲ್ಲಿ ಹುಡುಗಾಟ ಬೇಡ. 5 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 12.5 ಕಿಲೋ ತೂಗುತ್ತದೆ. ಜೋಡಿ ಗಾಜಾದರೆ 25. ಮೂರನೇ ಮಹಡಿಯಲ್ಲಿ ಒಬ್ಬರೇ ಎತ್ತುವ ಕೆಲಸವಲ್ಲ ಅದು. ಮೇಲಿನ ಟ್ರ್ಯಾಕಿನಲ್ಲಿ ಬಾಗಿಲು ಏಳದಂತೆ ತಡೆಯುವ ಪ್ಲಾಸ್ಟಿಕ್ ತುಂಡು ಇದ್ದರೆ ಮೊದಲು ಅದನ್ನು ಬಿಚ್ಚಬೇಕು, ತಿರುಪು ತಿರುಗಿಸಿ ಬಾಗಿಲನ್ನು ಪೂರ್ತಿ ಇಳಿಸಬೇಕು, ಬಳಿಕವೇ ಎತ್ತುವುದು.

ಇನ್ನು ಮಲಗುವ ಕೋಣೆ. ಈ ಪ್ಲಾಸ್ಟಿಕ್ ಇದ್ದುದಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯೇರಿದರೆ ಮೀಟರಿಗೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಒಳಗಿನ ಕಬ್ಬಿಣದ ಪಟ್ಟಿ ಸ್ವಲ್ಪ ಹಿಡಿದಿಡುತ್ತದೆ, ಅಷ್ಟೆ. ಪಶ್ಚಿಮದ ಬಿಸಿಲು ಬಡಿದಾಗ ಮೊದಲೇ ಜೋತ ಬಾಗಿಲಿಗೆ ಅಷ್ಟು ಸಾಕು. ಒಂದು ಪರೀಕ್ಷೆ ಮಾಡಿ: ಕಿಟಕಿ ತೆರೆದಿರುವಾಗಲೇ ಹಿಡಿಕೆ ತಿರುಗಿಸಿ. ಆಗ ಸಲೀಸಾಗಿ ತಿರುಗಿದರೆ ಹಿಡಿಕೆಯಲ್ಲಿ ದೋಷವಿಲ್ಲ, ಬಾಗಿಲು ಕೂರುವ ಜಾಗ ತಪ್ಪಿದೆ. ಆಗಲೂ ಬಿಗಿಯಿದ್ದರೆ ಬಾಗಿಲಿನ ಅಂಚಿನಲ್ಲಿ ಹಿಡಿಕೆಯೊಂದಿಗೆ ಸರಿಯುವ ಲೋಹದ ಪಟ್ಟಿ ಒಣಗಿದೆ; ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಎಣ್ಣೆಗೆ ಜಾಗ ಅದೊಂದೇ. ರಬ್ಬರಿಗೂ ಟ್ರ್ಯಾಕಿನ ಸಂದು ಮುಚ್ಚುವ ಬ್ರಷ್ ಪಟ್ಟಿಗೂ ಸಿಲಿಕೋನ್ ಸ್ಪ್ರೇ.

ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ದಿನಪತ್ರಿಕೆಯ ಒಂದು ಪಟ್ಟಿ ಹರಿದು, ಸಂದಿಗೆ ಸಿಕ್ಕಿಸಿ ಕಿಟಕಿ ಮುಚ್ಚಿ ಎಳೆಯಿರಿ. ನಾಲ್ಕೂ ಮೂಲೆಗಳಲ್ಲಿ ಹೀಗೆ ಮಾಡಿ. ಕಾಗದ ಹರಿದ ಕಡೆ ಬಿಗಿ, ಜಾರಿ ಬಂದ ಕಡೆ ಸಡಿಲ. ಬಾಗಿಲಿನ ಅಂಚಿನ ಗುಂಡಿಗಳು ಹೋಗಿ ಕೂರುವ ಲೋಹದ ತುಣುಕುಗಳು ಚೌಕಟ್ಟಿನಲ್ಲಿವೆಯಲ್ಲ, ಅವುಗಳ ತಿರುಪು ಸಡಿಲಿಸಿ ಒಂದೆರಡು ಮಿಲಿಮೀಟರ್ ಸರಿಸಿದರೆ ಬಹಳ ಸಲ ಕೆಲಸ ಮುಗಿಯುತ್ತದೆ. ಸರಿಸುವ ಮೊದಲು ಪೆನ್ಸಿಲ್‌ನಲ್ಲಿ ಹಳೆಯ ಜಾಗ ಗುರುತು ಮಾಡಿಕೊಳ್ಳಿ.

ಸುರತ್ಕಲ್‌ನಿಂದ:

ನಮಗೆ ಧೂಳಿಗಿಂತ ಉಪ್ಪುಗಾಳಿಯ ಕಾಟ. ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲ ಎಂದು ಹೇಳಿ ಮಾರಿದರು, ಸರಿಯೇ. ಆದರೆ ರೋಲರಿನ ನಡುವಿನ ಕಡ್ಡಿ ಮತ್ತು ತಿರುಪುಗಳು ಪ್ಲಾಸ್ಟಿಕ್ ಅಲ್ಲವಲ್ಲ. ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿದು ಬಿಗಿದುಕೊಂಡವು. ಹೊಸದು ತರುವಾಗ ಹಳೆಯ ರೋಲರನ್ನು ಬಿಚ್ಚಿ ಅಂಗಡಿಗೇ ಒಯ್ಯಿರಿ. ಫೋಟೋ ತೋರಿಸಿ ತಂದದ್ದು ಎರಡು ಸಲವೂ ಅಗಲ ಹೊಂದದೆ ವಾಪಸಾಯಿತು.

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ:

ಮೈಸೂರಿನವರ ಹಿಡಿಕೆ ಪರೀಕ್ಷೆಗೆ ಒಂದು ತಿದ್ದುಪಡಿ. ಇಲ್ಲಿನ ಕಿಟಕಿ ಪಕ್ಕಕ್ಕೂ ತೆರೆಯುತ್ತದೆ, ಮೇಲಂಚಿನಿಂದ ಒಳಕ್ಕೂ ವಾಲುತ್ತದೆ; ಭಾರತದಲ್ಲೂ ಕೆಲವು ಮನೆಗಳಲ್ಲಿ ಈಗ ಇದೆ. ಅಂಥದ್ದನ್ನು ತೆರೆದಿಟ್ಟು ಹಿಡಿಕೆ ತಿರುಗಿಸಬೇಡಿ. ಬಂದ ಮೊದಲ ಚಳಿಗಾಲ ನಾನು ಹಾಗೆ ಮಾಡಿದೆ. ಬಾಗಿಲು ಮೇಲಿನ ಕೀಲಿನಿಂದ ಬಿಟ್ಟುಕೊಂಡು ಕೆಳಗಿನ ಒಂದೇ ಮೂಲೆಯಲ್ಲಿ ನೇತಾಡಿತು, ಎದೆ ಝಲ್ಲೆಂದಿತು. ಬಿದ್ದುಹೋಗಲಿಲ್ಲ. ಮೇಲಿನ ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಅಂಚಿನಲ್ಲಿರುವ ಪುಟ್ಟ ಲಿವರನ್ನು ಅದುಮಿಕೊಂಡು ಹಿಡಿಕೆ ತಿರುಗಿಸಿದರೆ ಮತ್ತೆ ಸೇರಿಕೊಳ್ಳುತ್ತದೆ. ಉಳಿದಂತೆ 4 ಮಿಲಿಮೀಟರಿನ ಅಲೆನ್ ಕೀ (ಆರು ಮೂಲೆಯ ತಿರುಪುಗೋಲು) ಒಂದಿದ್ದರೆ ಸಾಕು: ಕೆಳಗಿನ ಕೀಲಿನ ಮುಚ್ಚಳ ತೆಗೆದು ಮೇಲಿಂದ ತಿರುಗಿಸಿದರೆ ಬಾಗಿಲು ಏಳುತ್ತದೆ, ಇಳಿಯುತ್ತದೆ.

ಪ್ರಶ್ನೆ ಕೇಳಿದವರು, ಮುಂದಿನ ಭಾನುವಾರ:

ಹಾಲ್‌ನಲ್ಲಿ ಎಣ್ಣೆಯ ಜಿಡ್ಡು ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಒಂದು ಬದಿಯಲ್ಲಿ ಬಾಗಿಲು ಇಳಿದಿತ್ತು, ಎರಡು ಸುತ್ತು ಏರಿಸಿದೆವು. ಅಮ್ಮ ಈಗ ಒಂದೇ ಕೈಯಲ್ಲಿ ಸರಿಸುತ್ತಾರೆ. ಮಲಗುವ ಕೋಣೆಯಲ್ಲಿ ಕಾಗದ ಹರಿದದ್ದು ಹಿಡಿಕೆ ಬದಿಯ ಕೆಳಮೂಲೆಯಲ್ಲಿ. ಅಲ್ಲಿಯ ತುಣುಕನ್ನು ಸರಿಸಿದ ಮೇಲೆ ಮೂರೂವರೆಗೂ ಹಿಡಿಕೆ ತಿರುಗಿತು. ಸೊಳ್ಳೆ ಪರದೆ ಮಾತ್ರ ಅರ್ಧಕ್ಕೇ ನಿಲ್ಲುತ್ತಿದೆ, ಅದರಲ್ಲಿ ತಿರುಪೇ ಕಾಣಿಸುತ್ತಿಲ್ಲ.

ಮೈಸೂರಿನಿಂದ:

ಪರದೆಯ ಚಕ್ರಗಳಿಗೆ ತಿರುಪು ಇಲ್ಲದಿರುವುದೂ ಉಂಟು. ಅದು ಹಗುರ, ಎತ್ತಿ ಒಳಕ್ಕೆ ತೆಗೆದುಕೊಳ್ಳಿ. ಚಕ್ರಕ್ಕೆ ಕೂದಲು ಸುತ್ತಿಕೊಂಡಿರುತ್ತದೆ. ಎಳೆಯಬೇಡಿ, ಬ್ಲೇಡಿನಲ್ಲಿ ಕೊಯ್ದು ತೆಗೆಯಿರಿ.