ಅಪ್ಪ ಸೋಮವಾರದಿಂದ ಕುಡಿತ ಬಿಡುತ್ತಾರಂತೆ, ಅನುಭವ ಇದ್ದವರು ಹೇಳಿ

ಅಪ್ಪನಿಗೆ 56. ದಿನಾ ಎರಡು ಕ್ವಾರ್ಟರ್ ಬೇಕು. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ತೊಂಬತ್ತು ಹಾಕಿದ ಮೇಲೇ ಲೋಟ ಹಿಡಿಯೋದು. ಮೊನ್ನೆ ದೇವರ ಮುಂದೆ ಆಣೆ ಮಾಡಿದ್ದಾರೆ, ಸೋಮವಾರದಿಂದ ಒಂದು ಹನಿಯೂ ಮುಟ್ಟಲ್ಲ ಎಂದು. ಅಮ್ಮ ಸಾರಿಗೆ ಹಾಕೋಕೆ ಯಾವುದೋ ಪುಡಿ ತರಿಸಿದ್ದಾರೆ. ನಾವು ಏನು ಮಾಡಬೇಕು?

ಉತ್ತರ 1
ಬೆಳಿಗ್ಗೆ ಕೈ ನಡುಗುವವರು ಮನೆಯಲ್ಲೇ ಒಂದೇ ಸಲ ನಿಲ್ಲಿಸಬಾರದು. 2020ರ ಲಾಕ್‌ಡೌನಿನಲ್ಲಿ ನಮ್ಮಣ್ಣನದು ಹಾಗೇ ನಿಂತಿತು, ಆಣೆಗೀಣೆ ಏನಿಲ್ಲ, ಅಂಗಡಿ ಮುಚ್ಚಿತ್ತು ಅಷ್ಟೇ. ಮೊದಲ ದಿನ ಬೆವರು, ವಾಂತಿ. ಮಾರನೇ ದಿನ ಊಟಕ್ಕೆ ಕೂತವನಿಗೆ ಫಿಟ್ಸ್ ಬಂತು. ನಾವು ಕೈಗೆ ಬೀಗದ ಕೈ ಗೊಂಚಲು ತುರುಕಿದೆವು, ಅದರಿಂದ ಏನೂ ಆಗಲ್ಲ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕಿತ್ತು. ಮೂರನೇ ರಾತ್ರಿ ಹಾಸಿಗೆ ಮೇಲಿಂದ ಇಲ್ಲದ ಇರುವೆಗಳನ್ನು ಹೆಕ್ಕಿ ಹೆಕ್ಕಿ ಅಮ್ಮನ ಕೈಗೆ ಕೊಡುತ್ತಿದ್ದ. ಗಾಳಿ ಸೋಕಿದೆ ಅಂದುಕೊಂಡೆವು. ಮೆದುಳು ದಿನದ ಕುಡಿತಕ್ಕೆ ಒಗ್ಗಿಹೋಗಿರುತ್ತದೆ, ತಟ್ಟನೆ ನಿಂತರೆ ಕೆರಳುತ್ತದೆ, ಜೀವಕ್ಕೇ ಅಪಾಯ ಎಂದು ಡಾಕ್ಟರ್ ಆಮೇಲೆ ಹೇಳಿದರು. ಅಡ್ಮಿಟ್ ಮಾಡಿಕೊಂಡು ವಿಟಮಿನ್ ಬಿ1 ಇಂಜೆಕ್ಷನ್ ಹಾಕಿದರು, ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಬಂದರು. ಆ ಮಾತ್ರೆ ನೀವೇ ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ. ಅದರ ಮೇಲೆ ಕುಡಿದರೆ ಉಸಿರೇ ನಿಂತುಬಿಡಬಹುದು.

ಉತ್ತರ 2
ನೋಡಪ್ಪಾ, ಆ ಪುಡಿ ಮೊದಲು ಎಸೆಯೋಕೆ ಹೇಳು. ಒಳಗೆ ಏನಿದೆ ಎಂದು ಯಾರಿಗೆ ಗೊತ್ತು? ಡೈಸಲ್ಫಿರಾಮ್ ಅಂತ ಕುಡಿತ ಬಿಡಿಸೋಕೆ ಒಂದು ಮಾತ್ರೆ ಇದೆ, ಅದನ್ನು ಡಾಕ್ಟರುಗಳು ಕುಡಿಯುವವರಿಗೇ ವಿವರಿಸಿ, ಒಪ್ಪಿಸಿ ಕೊಡುತ್ತಾರೆ, ಯಾಕೆಂದರೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದು, ಬಿಪಿ ಇಳಿದುಹೋಗುತ್ತದೆ. ನಾನು ಅದನ್ನೇ ಪುಡಿ ಮಾಡಿ ನಮ್ಮ ಯಜಮಾನರ ಸಾರಿಗೆ ಕದ್ದು ಹಾಕಿದವಳು, ಅದಕ್ಕೇ ಹೇಳ್ತಿರೋದು. ಗೋಡೆ ಹಿಡಿದು ಕುಸಿದರು. ಬದುಕಿಕೊಂಡರು, ಆದರೆ ಆಮೇಲೆ ಎಂಟು ತಿಂಗಳು ಬಡಿಸಿದ ಮೊದಲ ತುತ್ತು ನನಗೇ ತಿನ್ನಿಸಿ, ಆಮೇಲೆ ತಾವು ತಿನ್ನುತ್ತಿದ್ದರು.

ಉತ್ತರ 3
ಡಾಕ್ಟರ್ ಹತ್ತಿರ ಲೆಕ್ಕ ಸರಿಯಾಗಿ ಹೇಳಿ. 'ಸ್ವಲ್ಪ ತಗೋತಾರೆ' ಅಂದರೆ ಪ್ರಯೋಜನ ಇಲ್ಲ. 180 ಎಂಎಲ್ ಕ್ವಾರ್ಟರ್ ಅಂದರೆ 30ರ ಆರು ಪೆಗ್, ಸುಮಾರು 60 ಗ್ರಾಂ ಆಲ್ಕೋಹಾಲ್. ನಿಮ್ಮ ತಂದೆಗೆ ಅದರ ಎರಡರಷ್ಟು. ಬೀರಿಗೆ ಇಳಿದರೆ ಸಾಕು ಅಂತ ಯಾರಾದರೂ ಹೇಳಬಹುದು, ನಂಬಬೇಡಿ, 650ರ ಸ್ಟ್ರಾಂಗ್ ಬೀರ್ ಒಂದು ಬಾಟಲಿ ಹೆಚ್ಚುಕಮ್ಮಿ ನಾಲ್ಕು ಪೆಗ್ಗಿಗೆ ಸಮ. ಸೋಮವಾರದ ತನಕ ಬಾಟಲಿ ಬಚ್ಚಿಡಬೇಡಿ, ಖಾಲಿ ಹೊಟ್ಟೆಯಲ್ಲಿ ಬಿಡಬೇಡಿ. ಆಣೆಯ ಆ ಸೋಮವಾರವೇ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಷ್ಟರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಡುವೆ ಫಿಟ್ಸ್ ಬಂದರೆ ಅಥವಾ ಇಲ್ಲದ್ದು ಕಂಡರೆ ಸುಮ್ನೆ ಕಾಯಬೇಡಿ, 108.

ಕೇಳಿದವರು
ಅಮ್ಮ ಪುಡಿಯನ್ನು ಬಚ್ಚಲಿಗೆ ಸುರಿದರು. ಅಪ್ಪ ಬರುತ್ತೇನೆ ಅಂದಿದ್ದಾರೆ. ಆದರೆ ನಮ್ಮ ಜಿಲ್ಲೆ ಬೇಡವಂತೆ, ಪಕ್ಕದ ಜಿಲ್ಲೆಗೆ ಹೋಗೋಣ, ಗುರುತಿನವರು ಯಾರಾದರೂ ಸಿಕ್ಕರೆ ಅಂತ.