ಬಿಪಿಎಲ್ ಕಾರ್ಡ್ ಇದ್ದರೂ ಮೊದಲು ದುಡ್ಡು ಕಟ್ಟಿ ಅಂತಾರೆ, ಕಟ್ಟೋದಾ?

ಪ್ರಶ್ನೆ: ನಾವು ಶಿರಹಟ್ಟಿ ಕಡೆಯವರು. ನಮ್ಮ ಅತ್ತೆಯ ಹೃದಯದಲ್ಲಿ ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕಂತೆ. ಗಾಬರಿ ಇಲ್ಲ, ಹದಿನೈದು ದಿನದೊಳಗೆ ಆಗಲಿ ಎಂದಿದ್ದಾರೆ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ತೋರಿಸಿದರೆ, "ಈಗ ಕಟ್ರಿ, ಆಮೇಲೆ ಸ್ಕೀಮಿನಿಂದ ವಾಪಸ್ ಬರ್ತದ" ಅಂದರು. ಮನೆಯವರು ಎತ್ತು ಮಾರಲು ಹೊರಟಿದ್ದಾರೆ.

ಉತ್ತರ (ಆರೋಗ್ಯ ಮಿತ್ರ, ಅಂದರೆ ಆಸ್ಪತ್ರೆಯಲ್ಲಿ ಸ್ಕೀಮಿನ ಸಹಾಯಕ): ಅಕ್ಕಾರ, ಎತ್ತು ಕೊಟ್ಟಿಗೆಯಲ್ಲೇ ಇರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಈ ಸ್ಕೀಮಿನಲ್ಲಿ ಕೈಯಿಂದ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಆಸ್ಪತ್ರೆಯವರು ಮೊದಲೇ ಆನ್‌ಲೈನ್‌ನಲ್ಲಿ ಸ್ಕೀಮ್ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಒಪ್ಪಿಗೆ ತಗೊಳ್ಳಬೇಕು. ಪ್ಯಾಕೇಜಿನ ದುಡ್ಡು, ಅಂದರೆ ಆ ಚಿಕಿತ್ಸೆಗೆ ಸ್ಕೀಮಿನಲ್ಲಿ ಗೊತ್ತುಮಾಡಿದ ಮೊತ್ತ, ಟ್ರಸ್ಟಿನಿಂದ ನೇರ ಆಸ್ಪತ್ರೆಗೇ ಹೋಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ನೀವು ಮೊದಲು ಹೋಗಬೇಕಾದದ್ದು ಗದಗದ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಕಳಿಸಿದರೆ ಬೇಜಾರಾಗಬೇಡಿ, ಅಲ್ಲಿ ಹೃದಯದ ವಿಭಾಗ ಇದೆ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸಕ್ಕೆ ಖಾಸಗಿಗೆ ಚೀಟಿ ಸಿಗೋದಿಲ್ಲ. ಎದೆನೋವು ಬಂದು ತುರ್ತಾದರೆ ಮಾತ್ರ ಚೀಟಿಗೆ ಕಾಯಬೇಡಿ. ಸ್ಕೀಮಿನಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಿ.

ಇನ್ನೊಬ್ಬರು: ಸರ್, ಖಾಸಗಿ ಆಸ್ಪತ್ರೆಯವರು ಸ್ಕೀಮಿನ ಬೋರ್ಡ್ ಹಾಕಿರುತ್ತಾರೆ, ಒಳಗೆ ಹೋದರೆ ಸ್ಕೀಮ್ ಇಲ್ಲ ಅಂತಾರಲ್ಲ?

ಉತ್ತರ: ಕೆಲವು ಕಡೆ ಅದು ನಿಜವೇ. ಒಂದು ಆಸ್ಪತ್ರೆ ಮೂಳೆಗೆ ಮಾತ್ರ ನೋಂದಣಿ ಆಗಿರಬಹುದು, ಹೃದಯಕ್ಕೆ ಇರಲಿಕ್ಕಿಲ್ಲ. ಕೆಲವರದು ನೆಪ. ಪ್ಯಾಕೇಜ್ ರೇಟು ಕಡಿಮೆ, ಬಿಲ್ಲು ತಡವಾಗಿ ಬರುತ್ತದೆ ಅನ್ನೋದು ಅವರ ತಕರಾರು. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಆದರೆ ಅದು ಅವರು ಸರ್ಕಾರದ ಹತ್ತಿರ ಆಡಬೇಕಾದ ಜಗಳ, ರೋಗಿ ಹತ್ತಿರ ಅಲ್ಲ. ಎಪಿಎಲ್‌ನವರೂ ಕೇಳಿಕೊಳ್ಳಿ, ನಿಮಗೆ ಪ್ಯಾಕೇಜಿನ ಶೇ. 30 ಮಾತ್ರ ಸರ್ಕಾರದ್ದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದದ್ದು ನಿಮ್ಮ ಕೈಯಿಂದ.

ಮೊದಲು ಕೇಳಿದವರು: ನಾಳೆ ಜಿಮ್ಸ್‌ಗೆ ಹೋಗ್ತೀವಿ. ಏನೇನು ತರಬೇಕು?

ಉತ್ತರ: ರೇಷನ್ ಕಾರ್ಡ್, ಆಧಾರ್, ಹಳೆ ರಿಪೋರ್ಟ್ ಎಲ್ಲ. ಇವತ್ತು ರಾತ್ರಿಯೇ ಎರಡೂ ಕಾರ್ಡ್ ಪಕ್ಕ ಪಕ್ಕ ಇಟ್ಟು ಹೆಸರು ಓದಿ. ಒಂದರಲ್ಲಿ ನೀಲವ್ವ, ಇನ್ನೊಂದರಲ್ಲಿ ನೀಲಮ್ಮ ಅಂತಿದ್ದರೆ ಕೌಂಟರಿನಲ್ಲಿ ಸಿಕ್ಕಿಬೀಳ್ತೀರಿ. ನಮ್ಮ ಕಡೆ ಪ್ರತಿ ಮೂರನೇ ಮನೆಯದ್ದೂ ಇದೇ ಕಥೆ!

ಮೊದಲು ಕೇಳಿದವರು: ಅಯ್ಯೋ, ಈಗ ನೋಡಿದೆ. ಆಧಾರ್‌ನಲ್ಲಿ ವಯಸ್ಸೂ ಬೇರೆ ಇದೆ.

ಉತ್ತರ: ಇರಲಿ, ಹಾಗೇ ಬನ್ನಿ. ಹೊರಡುವ ಮುಂಚೆ ಆಧಾರ್‌ಗೆ ಲಿಂಕ್ ಇರುವ ಮೊಬೈಲ್ ಯಾರ ಹತ್ತಿರ ಇದೆ ನೋಡಿ, ಓಟಿಪಿ ಅದಕ್ಕೇ ಬರೋದು.